ರಸ್ತೆ ಬಾರದ ಕಡಲತೀರ

ಅಮೆರಿಕದ ನಕ್ಷೆ ತೆಗೆದು ಎಡಗಡೆ ಮೇಲಿನ ಮೂಲೆ ನೋಡಿ. ವಾಷಿಂಗ್ಟನ್ ರಾಜ್ಯ ಪೆಸಿಫಿಕ್ ಸಾಗರಕ್ಕೆ ಮುಖ ಮಾಡಿ ನಿಂತ ಜಾಗ ಅದು. ಅಲ್ಲಿ ಒಲಿಂಪಿಕ್ ನ್ಯಾಷನಲ್ ಪಾರ್ಕಿಗೆ ಸೇರಿದ ಸುಮಾರು 70 ಮೈಲಿ ಉದ್ದದ ಕಡಲತೀರವಿದೆ. ಅದರ ಬಹುಪಾಲಿಗೆ ರಸ್ತೆಯೇ ಇಲ್ಲ. ಹೋಟೆಲ್ ಇಲ್ಲ, ದೀಪದ ಕಂಬ ಇಲ್ಲ, ಮೊಬೈಲ್ ಸಿಗ್ನಲ್ ಕೂಡ ಸಿಗುವುದಿಲ್ಲ. ಬೆನ್ನಿಗೆ ಚೀಲ ಏರಿಸಿಕೊಂಡು ನಡೆದೇ ಹೋಗಬೇಕು. ಕತ್ತಲಾದರೆ ಮರಳಿನ ಮೇಲೋ ಮರದ ಬುಡದಲ್ಲೋ ಟೆಂಟ್ ಹಾಕಿ ಮಲಗಬೇಕು.

ನಾನು ಕುಮಟಾ ಕಡೆಯವಳು. ನಮ್ಮಲ್ಲಿ ಕಡಲು ಅಂದರೆ ಊರಿನ ಒಂದು ಭಾಗ. ದೋಣಿ, ಬಲೆ, ಒಣಮೀನು ಹರವಿದ ಅಂಗಳ, ಪಕ್ಕದಲ್ಲೇ ದೇವಸ್ಥಾನ. ಮರವಂತೆಯಲ್ಲಂತೂ ರಾಷ್ಟ್ರೀಯ ಹೆದ್ದಾರಿ 66 ಅಲೆಗೆ ಅಂಟಿಕೊಂಡೇ ಓಡುತ್ತದೆ, ಬಸ್ಸಿನ ಕಿಟಕಿಯಿಂದಲೇ ಸಮುದ್ರ ನೋಡಬಹುದು. ಕೆಲಸಕ್ಕೆಂದು ಸಿಯಾಟಲ್‌ಗೆ ಬಂದ ಮೇಲೆ ಈ ಇನ್ನೊಂದು ಬಗೆಯ ತೀರ ಪರಿಚಯವಾಯಿತು. ಈಗ ಬೇಸಿಗೆ ಬಂತೆಂದರೆ ಅಲ್ಲಿಗೆ ಹೋಗದೆ ಇರಲು ಆಗುವುದಿಲ್ಲ. ಊರಲ್ಲಿರುವ ಅಕ್ಕನಿಗೆ ಮಾತ್ರ ಇದು ಇನ್ನೂ ಅರ್ಥವಾಗಿಲ್ಲ. "ಅಲ್ಲಿ ಯಾರಿದ್ದಾರೆ ಅಂತ ಹೋಗ್ತೀಯೆ ಮಾರಾಯ್ತಿ?" ಅಂತ ಫೋನಿನಲ್ಲಿ ಪ್ರತಿ ಸಲ ಕೇಳುತ್ತಾಳೆ.

ಅವಳ ಪ್ರಶ್ನೆ ಸಣ್ಣದಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಜಾಸ್ತಿ ಹೋಗುವುದು ಒಜೆಟ್ ಕೆರೆಯ ದಾರಿಯಲ್ಲಿ. ಕೆರೆ ಅಂದೆ, ಆದರೆ ಅದು ದೊಡ್ಡ ಸರೋವರ. ಸಿಯಾಟಲ್‌ನಿಂದ ಫೆರ್ರಿ ಹತ್ತಿಳಿದು, ಪೋರ್ಟ್ ಏಂಜಲೀಸ್ ದಾಟಿ, ಕಾಡಿನ ನಡುವೆ ಸಾಗುವ ಕಿರುದಾರಿ ಮುಗಿಯುವಲ್ಲಿ ಕಾರು ನಿಲ್ಲಿಸಬೇಕು. ಅಲ್ಲಿಂದ ಕೇಪ್ ಅಲಾವಾ ಅನ್ನುವ ತೀರಕ್ಕೆ ಮೂರು ಮೈಲಿಗಿಂತ ಸ್ವಲ್ಪ ಜಾಸ್ತಿ ನಡಿಗೆ. ಅಲ್ಲಿಂದ ತೀರದಗುಂಟ ಸ್ಯಾಂಡ್ ಪಾಯಿಂಟ್‌ಗೆ ಇನ್ನು ಮೂರು, ಅಲ್ಲಿಂದ ವಾಪಸ್ ಕೆರೆಗೆ ಮತ್ತೆ ಮೂರು. ಹೀಗೆ ತ್ರಿಕೋನದ ಹಾಗೆ ಸುತ್ತಿ ಬರಬಹುದು. ಒಂದೇ ದಿನದಲ್ಲಿ ಮುಗಿಸಿ ಹೋಗುವವರೂ ಇದ್ದಾರೆ. ತೀರದಲ್ಲಿ ರಾತ್ರಿ ಕಳೆಯದೆ ಬಂದರೆ ಅರ್ಧವನ್ನೂ ನೋಡಿದ ಹಾಗಲ್ಲ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ದಾರಿಯ ಬಹುಭಾಗ ಮರದ ಹಲಗೆ ಹಾಸಿದೆ. ಕೆಳಗೆಲ್ಲ ಕೆಸರು, ಜರಿಗಿಡ, ದೊಡ್ಡ ಎಲೆಯ ಜೌಗು ಗಿಡಗಳು. ಮೇಲೆ ಸೀಡರ್, ಹೆಮ್ಲಾಕ್, ಸ್ಪ್ರೂಸ್ ಮರಗಳು. ಮಳೆ ಬಿದ್ದ ಹಲಗೆ ವಿಪರೀತ ಜಾರುತ್ತದೆ. ಈ ಕಡೆ ಮಳೆ ಬೀಳದ ವಾರ ಕಡಿಮೆ, ಹಾಗಾಗಿ ಹೆಜ್ಜೆ ನೋಡಿಕೊಂಡೇ ಇಡಬೇಕು. ಅರ್ಧ ದಾರಿ ಕಳೆದ ಮೇಲೆ ಕಾಡು ತಟ್ಟನೆ ನಿಂತು ಒಂದು ಬಯಲು ತೆರೆದುಕೊಳ್ಳುತ್ತದೆ. ಅದಕ್ಕೆ ಆಲ್‌ಸ್ಟ್ರಮ್ ಪ್ರೇರಿ ಅಂತ ಹೆಸರು. 20ನೇ ಶತಮಾನದ ಶುರುವಿನಲ್ಲಿ ಸ್ವೀಡನ್‌ನಿಂದ ಬಂದ ಲಾರ್ಸ್ ಆಲ್‌ಸ್ಟ್ರಮ್ ಅನ್ನುವವರು ಇಲ್ಲಿ ಮನೆ ಕಟ್ಟಿಕೊಂಡು, ಅರ್ಧ ಶತಮಾನಕ್ಕೂ ಜಾಸ್ತಿ ಕಾಲ ಹೆಚ್ಚುಕಮ್ಮಿ ಒಬ್ಬರೇ ಬದುಕಿದ್ದರು. ಇಷ್ಟು ಮಳೆಕಾಡಿನ ನಡುವೆ ಬಯಲು ಉಳಿದದ್ದು ಹೇಗೆ ಅಂತ ನನಗೆ ಬಹಳ ದಿನ ಕುತೂಹಲವಿತ್ತು. ಆಲ್‌ಸ್ಟ್ರಮ್‌ಗಿಂತ ಎಷ್ಟೋ ಮೊದಲು ಇಲ್ಲಿಯ ಮೂಲನಿವಾಸಿಗಳಾದ ಮಕಾ ಜನ ಆಗಾಗ ಬೆಂಕಿ ಹಾಕಿ ಮರ ಬೆಳೆಯದಂತೆ ಈ ಬಯಲನ್ನು ಕಾಪಾಡಿಕೊಂಡಿದ್ದರು. ಹಣ್ಣು, ಗೆಡ್ಡೆ, ಬೇಟೆ ಎಲ್ಲ ಇಲ್ಲೇ ಸಿಗುತ್ತಿತ್ತು. ನೋಡುವವರ ಕಣ್ಣಿಗೆ ಇದು ಬರೀ ಕಾಡುಬಯಲು, ಆದರೆ ಕೈಯಾರೆ ಮಾಡಿ ಉಳಿಸಿಕೊಂಡ ಜಾಗ.

ಬಯಲು ದಾಟಿದ ಮೇಲೆ ಅಲೆಯ ಸದ್ದು ಕೇಳುತ್ತದೆ. ಇನ್ನೂ ಸ್ವಲ್ಪ ನಡೆದರೆ ಸೀ ಲಯನ್ ಅನ್ನುವ ದೊಡ್ಡ ಕಡಲಪ್ರಾಣಿಗಳ ಕೂಗು ಕೂಡ. ಆಮೇಲೆ ಸಮುದ್ರ.

ಈ ತೀರದಲ್ಲಿ ನಮ್ಮ ಇಷ್ಟದಂತೆ ನಡೆಯಲು ಆಗುವುದಿಲ್ಲ. ನಡಿಗೆಯ ಸಮಯ ತೀರ್ಮಾನ ಮಾಡುವುದು ಉಬ್ಬರ-ಇಳಿತ. ನಮ್ಮ ಕರಾವಳಿಯಲ್ಲಿ ಉಬ್ಬರಕ್ಕೂ ಇಳಿತಕ್ಕೂ ಹೆಚ್ಚೆಂದರೆ ಒಂದೂವರೆ, ಎರಡು ಮೀಟರ್ ವ್ಯತ್ಯಾಸ. ಇಲ್ಲಿ ಕೆಲವು ದಿನ ಅದು ಮೂರು ಮೀಟರ್ ದಾಟುತ್ತದೆ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ಆದರೆ ಎರಡೂ ಒಂದೇ ಸಮ ಅಲ್ಲ. ಒಂದು ಇಳಿತದಲ್ಲಿ ನೀರು ಬಹಳ ದೂರ ಹಿಂದೆ ಸರಿದರೆ, ಇನ್ನೊಂದರಲ್ಲಿ ಸುಮ್ನೆ ಸ್ವಲ್ಪ ಇಳಿದು ಮತ್ತೆ ಏರಿಬಿಡುತ್ತದೆ. ಇದರ ಮೇಲೆ ಇವುಗಳ ಸಮಯ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ.

ತೀರ ಉದ್ದಕ್ಕೂ ಮರಳು ಇದ್ದಿದ್ದರೆ ಇದರ ಚಿಂತೆ ಇರುತ್ತಿರಲಿಲ್ಲ. ಆದರೆ ನಡುನಡುವೆ ಬಂಡೆಗುಡ್ಡಗಳು ನೇರ ನೀರಿಗೇ ಚಾಚಿಕೊಂಡಿವೆ. ನೀರು ಇಳಿದಾಗ ಮಾತ್ರ ಅವುಗಳ ಬುಡದಲ್ಲಿ ದಾಟಲು ಜಾಗ ಸಿಗುತ್ತದೆ. ನಕ್ಷೆಯಲ್ಲೇ ಬರೆದಿರುತ್ತಾರೆ, ಈ ಮೂಲೆ 5 ಅಡಿಗಿಂತ ಕೆಳಗೆ, ಆ ಮೂಲೆ 4 ಅಡಿಗಿಂತ ಕೆಳಗೆ ನೀರಿದ್ದಾಗ ಮಾತ್ರ ದಾಟಿ ಅಂತ. ಕೆಲವು ಕಡೆ ಗುಡ್ಡ ಹತ್ತಿ ಇಳಿಯುವ ಕಾಲುದಾರಿ ಇದೆ. ಅದು ಎಲ್ಲಿ ಶುರುವಾಗುತ್ತದೆ ಅಂತ ತೋರಿಸಲು ಮರಕ್ಕೆ ಕೆಂಪು-ಕಪ್ಪು ಬಣ್ಣದ ದುಂಡು ಫಲಕ ಹೊಡೆದಿರುತ್ತಾರೆ. ದಕ್ಷಿಣದ ಭಾಗದಲ್ಲಿ ಟೇಲರ್ ಪಾಯಿಂಟ್, ಹೋ ಹೆಡ್ ಅನ್ನುವ ಗುಡ್ಡಗಳನ್ನು ಎಂಥ ಇಳಿತದಲ್ಲೂ ಬುಡದಿಂದ ಸುತ್ತಿ ಹೋಗಲು ಆಗದು. ಅಲ್ಲಿ ಹಗ್ಗದ ಏಣಿ ಹಿಡಿದು ಹತ್ತುವುದೇ ದಾರಿ. ಕಾಲುದಾರಿ ಇಲ್ಲದ ಮೂಲೆಯಲ್ಲಿ ಉಳಿದಿರುವುದು ಒಂದೇ ಕೆಲಸ. ಚೀಲ ಇಳಿಸಿ ಕಾಯುವುದು.

ಈ ಕಾಯುವುದೇ ನನಗೆ ಇಲ್ಲಿಯ ನಡಿಗೆಯಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ. ಸ್ಯಾಂಡ್ ಪಾಯಿಂಟ್‌ನ ದಕ್ಷಿಣಕ್ಕೆ ಹೋದಾಗ ಒಂದು ಮೂಲೆಯಲ್ಲಿ ಗೆಳತಿ ಮತ್ತು ನಾನು ಹೀಗೆ ಕೂತಿದ್ದೆವು. ಎದುರಿಗೆ ಆಳೆತ್ತರದ ಒಂದು ಬಂಡೆ. ಮೊದಲು ಅದರ ನೆತ್ತಿ ಬಿಟ್ಟು ಉಳಿದದ್ದೆಲ್ಲ ನೀರಿನೊಳಗೆ. ಸ್ವಲ್ಪ ಹೊತ್ತಿಗೆ ಬಿಳಿ ಬಾರ್ನಕಲ್‌ಗಳ ಪಟ್ಟಿ ಕಂಡಿತು, ಬಂಡೆಗೆ ಒರಟಾಗಿ ಅಂಟಿಕೊಂಡ ಸಾವಿರಾರು ಸಣ್ಣ ಚಿಪ್ಪುಗಳು. ಇನ್ನೊಂದಿಷ್ಟು ನೀರು ಇಳಿದಾಗ ಅದರ ಕೆಳಗೆ ಕಡುನೀಲಿ ಪಟ್ಟಿ ಬಂತು. ಅವು ನೀಲಿಕಲ್ಲು ಅನ್ನುವ ಚಿಪ್ಪುಜೀವಿಗಳು, ಒಂದಕ್ಕೊಂದು ಒತ್ತಿಕೊಂಡು ಬೆರಳು ತೂರಿಸಲೂ ಜಾಗವಿಲ್ಲದ ಹಾಗೆ. ಅದಕ್ಕೂ ಕೆಳಗೆ ನಕ್ಷತ್ರಮೀನುಗಳು. ನೇರಳೆ ಒಂದು, ಕಿತ್ತಳೆ ಬಣ್ಣದ್ದು ಒಂದು, ಸಂದಿಯಲ್ಲಿ ಇನ್ನೆರಡು. ಬುಡದ ಗುಂಡಿಯಲ್ಲಿ ಎಲೆಹಸಿರು ಬಣ್ಣದ, ಹೂವಿನಂತೆ ಕಾಣುವ ಅನಿಮೋನಿ ಅನ್ನುವ ಕಡಲಜೀವಿಗಳು ಬಾಯಿ ತೆರೆದು ಕೂತಿದ್ದವು. ಯಾರು ಎಷ್ಟು ಹೊತ್ತು ಬಿಸಿಲು ತಡೆಯಬಲ್ಲರೋ, ಯಾರಿಗೆ ಯಾರ ಭಯವಿದೆಯೋ, ಅದರ ಲೆಕ್ಕದಲ್ಲಿ ಬಂಡೆಯ ಮೇಲೆ ಜಾಗ ಹಂಚಿಕೆಯಾಗಿತ್ತು. ನೀರು ಇಳಿಯುವುದನ್ನು ಕೂತು ನೋಡದಿದ್ದರೆ ಈ ಸಾಲು ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಇದೇ ತೀರದ ಉತ್ತರಕ್ಕೆ, ಮಕಾ ಜನರ ಮೀಸಲು ಪ್ರದೇಶದ ಒಂದು ಕೊಲ್ಲಿಯಲ್ಲಿ, ರಾಬರ್ಟ್ ಪೇನ್ ಅನ್ನುವ ವಿಜ್ಞಾನಿ 1963ರಲ್ಲಿ ಒಂದು ಪ್ರಯೋಗ ಶುರು ಮಾಡಿದರು. ಬಂಡೆಯ ಒಂದು ಭಾಗದಿಂದ ಈ ನಕ್ಷತ್ರಮೀನುಗಳನ್ನು ಕಿತ್ತು ಸಮುದ್ರಕ್ಕೆ ಎಸೆಯುತ್ತಾ ಹೋದರು. ತಿನ್ನುವವರು ಇಲ್ಲದೆ ನೀಲಿಕಲ್ಲುಗಳು ಕೆಳಗೆ ಹರಡಿ ಉಳಿದವರನ್ನೆಲ್ಲ ಒತ್ತಿ ಓಡಿಸಿದವು. 15 ಬಗೆಯ ಜೀವಿಗಳಿದ್ದ ಜಾಗದಲ್ಲಿ 8 ಉಳಿದವು. ಸಂಖ್ಯೆಯಲ್ಲಿ ಕಡಿಮೆ ಇದ್ದರೂ ಇಡೀ ಜಾಗವನ್ನು ಹಿಡಿದು ನಿಲ್ಲಿಸುವ ಜೀವಿ ಅನ್ನುವ ಕಲ್ಪನೆ ಪರಿಸರ ವಿಜ್ಞಾನಕ್ಕೆ ಬಂದದ್ದು ಇಲ್ಲಿಂದ. ಅಂಥ ನಕ್ಷತ್ರಮೀನುಗಳಿಗೇ 2013ರಲ್ಲಿ ಮೈ ಕರಗಿಹೋಗುವ ರೋಗ ಬಂತು. ಈ ಪಾರ್ಕಿನ ತೀರದಲ್ಲಿ ಮೊದಮೊದಲು ಕಂಡ ಅದು ಅಲಾಸ್ಕದಿಂದ ಮೆಕ್ಸಿಕೋವರೆಗೆ ಹರಡಿತು. ಸೂರ್ಯಕಾಂತಿ ನಕ್ಷತ್ರಮೀನು ಅನ್ನುವ ಇನ್ನೊಂದು ಜಾತಿಯಲ್ಲಿ ಇದಕ್ಕೆ ಕಾರಣ ಒಂದು ಬ್ಯಾಕ್ಟೀರಿಯಾ ಅಂತ ಗೊತ್ತಾಗಲು 2025 ಬರಬೇಕಾಯಿತು. ಹಾಗಾಗಿ ಸಂದಿಯಲ್ಲಿ ಅಂಗೈಯಗಲದ ಒಂದು ನೇರಳೆ ನಕ್ಷತ್ರಮೀನು ಕಂಡರೆ ನನಗೆ ನಿಜವಾಗಿಯೂ ಸಂತೋಷವಾಗುತ್ತದೆ.

ಊರಲ್ಲಿ ಅಘನಾಶಿನಿಯ ಅಳಿವೆಯಲ್ಲಿ ಇಳಿತ ನೋಡಿಕೊಂಡು ಬಳಚು ಅನ್ನುವ ತಿನ್ನುವ ಚಿಪ್ಪು ತೆಗೆಯಲು ನೀರಿಗಿಳಿಯುವ ಹೆಂಗಸರು ಈ ಉಬ್ಬರ-ಇಳಿತದ ಲೆಕ್ಕವನ್ನೆಲ್ಲ ಕಾಗದ ನೋಡದೆ ಹೇಳಬಲ್ಲರು. ಚಂದ್ರ ಎಲ್ಲಿದ್ದಾನೆ ಅಂತ ನೋಡಿದರೆ ಅವರಿಗೆ ಸಾಕು. ನಾನು ಕರಾವಳಿಯವಳಾದರೂ ಅದನ್ನು ಕಲಿತದ್ದು ಇಲ್ಲಿಗೆ ಬಂದ ಮೇಲೆಯೇ, ಅದೂ ಸರ್ಕಾರದ ಪಟ್ಟಿ ಪ್ರಿಂಟ್ ಮಾಡಿಕೊಂಡು.

ಸಾಮಾನಿನ ವಿಷಯ ಸ್ವಲ್ಪ ಹೇಳುತ್ತೇನೆ. ಈ ತೀರದಲ್ಲಿ ಊಟ-ತಿಂಡಿಯನ್ನು ಕರಡಿಗೂ ತೆರೆಯಲಾಗದ ಗಟ್ಟಿ ಪ್ಲಾಸ್ಟಿಕ್ ಡಬ್ಬದಲ್ಲೇ ಇಡಬೇಕು ಅಂತ ಕಟ್ಟುನಿಟ್ಟು. ನಿಜವಾದ ಕಾಟ ಕರಡಿಗಿಂತ ರಕೂನ್‌ಗಳದ್ದು. ಬೆಕ್ಕಿಗಿಂತ ದಪ್ಪ ಇರುವ ಆ ಪ್ರಾಣಿಗಳು ಮುಂಗಾಲನ್ನು ಕೈಯಂತೆ ಬಳಸಿ ಚೀಲದ ಜಿಪ್ ಎಳೆಯುತ್ತವೆ. ಹಲ್ಲುಜ್ಜುವ ಪೇಸ್ಟ್, ಸೋಪು ಎಲ್ಲವೂ ಆ ಡಬ್ಬಕ್ಕೇ ಹೋಗಬೇಕು. ನಮ್ಮ ಡಬ್ಬದಲ್ಲಿ ಗಟ್ಟಿ ಅವಲಕ್ಕಿ, ಚಟ್ನಿಪುಡಿ, ಹುರಿದ ಶೇಂಗಾ, ಬೆಲ್ಲ, ಬಿಸಿನೀರು ಹಾಕಿದರೆ ಸಾಕಾಗುವ ಉಪ್ಪಿಟ್ಟಿನ ಮಿಕ್ಸ್ ಇರುತ್ತದೆ. ಹಗುರ, ಕೆಡುವುದಿಲ್ಲ, ಹೊಟ್ಟೆಯೂ ತುಂಬುತ್ತದೆ. ಕುಡಿಯುವ ನೀರಿಗೆ ಹಳ್ಳಗಳಿವೆ. ಎಲೆ, ತೊಗಟೆ ಕೊಳೆತು ಬಿಡುವ ಒಗರಿನಿಂದ ಆ ನೀರು ಹಾಲಿಲ್ಲದ ಚಹಾದ ಬಣ್ಣಕ್ಕಿರುತ್ತದೆ. ಫಿಲ್ಟರ್ ಮಾಡಿದರೂ ಬಣ್ಣ ಹೋಗುವುದಿಲ್ಲ. ಸೋಸಿ ಕುಡಿದರೆ ಏನೂ ಆಗುವುದಿಲ್ಲ, ನಾವು ಅದರಲ್ಲೇ ಕಾಫಿ ಮಾಡುತ್ತೇವೆ. ಬೆಂಕಿ ಹಾಕಲು ಎಲ್ಲ ಕಡೆ ಬಿಡುವುದಿಲ್ಲ. ಈ ತೀರದ ವೆಡ್ಡಿಂಗ್ ರಾಕ್ಸ್ ಅನ್ನುವ ಜಾಗದಿಂದ ಯೆಲ್ಲೋ ಬ್ಯಾಂಕ್ಸ್ ಅನ್ನುವ ಜಾಗದವರೆಗೆ ಪೂರ್ತಿ ನಿಷೇಧ. ಹಾಗಾಗಿ ಸಣ್ಣ ಗ್ಯಾಸ್ ಒಲೆ ಜೊತೆಗಿರಲೇಬೇಕು.

ತೀರದ ಮೇಲ್ಭಾಗದಲ್ಲಿ ದೊಡ್ಡ ದೊಡ್ಡ ದಿಮ್ಮಿಗಳು ರಾಶಿ ಬಿದ್ದಿರುತ್ತವೆ. ನದಿಗಳು ಕಾಡಿನಿಂದ ಹೊತ್ತು ತಂದ ಮರಗಳು ಅವು, ಕೆಲವು ನಮ್ಮ ಎದೆಯೆತ್ತರ ದಪ್ಪ. ಕೂರಲು ಚೆನ್ನಾಗಿರುತ್ತವೆ. ಆದರೆ ಉಬ್ಬರ ಜೋರಿದ್ದಾಗ ಅಲೆ ಆ ದಿಮ್ಮಿಗಳನ್ನು ಎತ್ತಿ ಉರುಳಿಸುತ್ತದೆ, ಜೀವ ಕಳೆದುಕೊಂಡವರೂ ಇದ್ದಾರೆ. ಟೆಂಟ್ ಹಾಕುವ ಮೊದಲು ಒಣಗಿದ ಕಡಲಪಾಚಿಯ ಗೆರೆ ಎಲ್ಲಿವರೆಗೆ ಬಂದಿದೆ ನೋಡಿ, ಅದಕ್ಕಿಂತ ಮೇಲೆ ಹಾಕಬೇಕು. ರಾತ್ರಿಯ ಉಬ್ಬರದಲ್ಲಿ ನೀರು ಹತ್ತಿರ ಬಂದ ಸದ್ದು ಟೆಂಟಿನೊಳಗೆ ಚೆನ್ನಾಗಿ ಕೇಳುತ್ತದೆ. ಮೊದಮೊದಲು ನಿದ್ದೆ ಬರುವುದಿಲ್ಲ. ಆಮೇಲೆ ಅದೇ ಸದ್ದಿಗೆ ನಿದ್ದೆ ಹತ್ತುತ್ತದೆ.

ಅಕ್ಕನ ಪ್ರಶ್ನೆಗೆ ಬರುತ್ತೇನೆ. ಅಲ್ಲಿ ಯಾರಿದ್ದಾರೆ?

ಕೇಪ್ ಅಲಾವಾದಲ್ಲಿ ನಾವು ಟೆಂಟ್ ಹಾಕುವ ಜಾಗದ ಪಕ್ಕದಲ್ಲೇ ಒಜೆಟ್ ಅನ್ನುವ ಊರಿತ್ತು. ಮಕಾ ಜನರ ದೊಡ್ಡ ಊರುಗಳಲ್ಲಿ ಅದೊಂದು. ಸೀಡರ್ ಹಲಗೆಯ ಉದ್ದನೆಯ ಮನೆಗಳು, ಒಂದೊಂದರಲ್ಲಿ ಹಲವು ಕುಟುಂಬಗಳು. ಸೀಡರ್ ಮರ ಕೊರೆದು ಮಾಡಿದ ದೋಣಿಗಳಲ್ಲಿ ಹೋಗಿ ತಿಮಿಂಗಿಲ ಬೇಟೆಯಾಡುತ್ತಿದ್ದ ಜನ. ಕೆಲವು ಶತಮಾನಗಳ ಹಿಂದೆ ಒಂದು ದಿನ ಹಿಂದಿನ ಗುಡ್ಡ ಜರಿದು ಕೆಲವು ಮನೆಗಳು ಒಳಗಿದ್ದ ಎಲ್ಲದರ ಸಮೇತ ಕೆಸರಿನಲ್ಲಿ ಹೂತುಹೋದವು. ಉಳಿದವರು ಅಲ್ಲೇ ಬದುಕು ಮುಂದುವರಿಸಿದರು. 20ನೇ ಶತಮಾನದ ಮೊದಲ ದಶಕಗಳಲ್ಲಿ ಮಕ್ಕಳನ್ನು ಸರ್ಕಾರಿ ಶಾಲೆಗೆ ಕಳಿಸಲೇಬೇಕು ಅಂತ ಒತ್ತಾಯ ಬಂದಾಗ, ಶಾಲೆಯಿದ್ದ ನೀಯಾ ಬೇ ಊರಿಗೆ ಹೋಗಬೇಕಾಯಿತು. ಒಜೆಟ್ ಖಾಲಿಯಾಯಿತು. ಇಲ್ಲಿಗೆ ಬಂದು 'ಮನುಷ್ಯರ ಸುಳಿವೇ ಇಲ್ಲದ ಜಾಗ' ಅಂತ ಹೇಳುವವರು ಆ ಊರು ಖಾಲಿಯಾದ ಬಗೆಯನ್ನೂ ತಿಳಿದುಕೊಂಡಿರಬೇಕು ಅಂತ ನನಗನಿಸುತ್ತದೆ.

1970ರ ಚಳಿಗಾಲದ ಬಿರುಗಾಳಿಯಲ್ಲಿ ಅಲೆಗಳು ದಂಡೆಯನ್ನು ಕೊರೆದವು. ಹೂತುಹೋಗಿದ್ದ ಮನೆಯ ಸಾಮಾನು ಹೊರಗೆ ಕಾಣಿಸಿತು. ಸುದ್ದಿ ತಿಳಿದ ಮಕಾ ಮುಖಂಡರು ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ರಿಚರ್ಡ್ ಡಾಹರ್ಟಿ ಅವರನ್ನು ಕರೆಸಿದರು. ಅಲ್ಲಿಂದ 11 ವರ್ಷ ಉತ್ಖನನ ನಡೆಯಿತು. ಗುದ್ದಲಿ ಬಳಸಿದರೆ ನೆನೆದ ಮರ ಮುರಿಯುತ್ತದೆ ಅಂತ ಪೈಪಿನಿಂದ ನೀರು ಬಿಟ್ಟು ಕೆಸರನ್ನು ನಿಧಾನಕ್ಕೆ ತೊಳೆದು ತೆಗೆದರು. 55 ಸಾವಿರಕ್ಕೂ ಜಾಸ್ತಿ ವಸ್ತುಗಳು ಸಿಕ್ಕವು. ಬುಟ್ಟಿ, ಮಗ್ಗ, ಈಟಿ, ಆಟಿಕೆ. ಗಾಳಿ ತಾಗದ ಕೆಸರು ಮರವನ್ನೂ ನಾರನ್ನೂ ಕೊಳೆಯಲು ಬಿಟ್ಟಿರಲಿಲ್ಲ. ನನಗೆ ಇದರಲ್ಲಿ ಬಹಳ ಮುಖ್ಯ ಅನಿಸುವುದು ಆಮೇಲೆ ಆದದ್ದು. ಈ ವಸ್ತುಗಳು ಯಾವುದೋ ದೂರದ ನಗರದ ಮ್ಯೂಸಿಯಮ್ಮಿಗೆ ಹೋಗಲಿಲ್ಲ. ಮಕಾ ಜನ ನೀಯಾ ಬೇಯಲ್ಲಿ ತಮ್ಮದೇ ಮ್ಯೂಸಿಯಂ ಕಟ್ಟಿ 1979ರಲ್ಲಿ ತೆರೆದರು. ಅಲ್ಲಿ ತಿಮಿಂಗಿಲದ ಬೆನ್ನಿನ ರೆಕ್ಕೆಯ ಆಕಾರದಲ್ಲಿ ಕೆತ್ತಿದ ಒಂದು ಮರದ ವಸ್ತುವಿದೆ. ಅದರ ಮೇಲೆ ಕಡಲ ನೀರುನಾಯಿಯ ಹಲ್ಲುಗಳನ್ನು ಒಂದೊಂದಾಗಿ ಕೂರಿಸಿದ್ದಾರೆ, 700ಕ್ಕೂ ಜಾಸ್ತಿ ಹಲ್ಲುಗಳು. ಅದರ ಮುಂದೆ ನಿಂತರೆ ಬೇಗ ಮುಂದೆ ಹೋಗಲು ಮನಸ್ಸಾಗುವುದಿಲ್ಲ.

ಆ ನೀರುನಾಯಿಗಳ ಕತೆಯೂ ಒಂದಿದೆ. ತುಪ್ಪಳದ ವ್ಯಾಪಾರಕ್ಕೆ ಕೊಂದು ಕೊಂದು 20ನೇ ಶತಮಾನದ ಆರಂಭದ ಹೊತ್ತಿಗೆ ಇಲ್ಲಿ ಒಂದೂ ಉಳಿದಿರಲಿಲ್ಲ. ಅಲಾಸ್ಕದ ಆಮ್ಚಿಟ್ಕಾ ದ್ವೀಪದಲ್ಲಿ ಅಮೆರಿಕ ಅಣುಬಾಂಬ್ ಪರೀಕ್ಷೆಗೆ ತಯಾರಾಗಿದ್ದ ಕಾಲ. 1969 ಮತ್ತು 1970ರಲ್ಲಿ ಅಲ್ಲಿಂದ 59 ನೀರುನಾಯಿಗಳನ್ನು ತಂದು ಈ ತೀರದಲ್ಲಿ ಬಿಟ್ಟರು. ಈಗ ಅವು ಎರಡು ಸಾವಿರಕ್ಕೂ ಜಾಸ್ತಿ. ಬೈನಾಕ್ಯುಲರ್ ಇದ್ದರೆ ಕಡಲಪಾಚಿಯ ನಡುವೆ ಅಂಗಾತ ತೇಲುತ್ತಾ, ಎದೆಯ ಮೇಲೆ ಚಿಪ್ಪು ಇಟ್ಟುಕೊಂಡು ಒಡೆಯುವುದನ್ನು ನೋಡಬಹುದು.

ಕೇಪ್ ಅಲಾವಾದಿಂದ ದಕ್ಷಿಣಕ್ಕೆ ನಡೆದರೆ ವೆಡ್ಡಿಂಗ್ ರಾಕ್ಸ್ ಸಿಗುತ್ತದೆ. ಅಲ್ಲಿಯ ಬಂಡೆಗಳ ಮೇಲೆ ಮಕಾ ಜನ ಕೊರೆದ ಚಿತ್ರಗಳಿವೆ. ತಿಮಿಂಗಿಲಗಳು, ದುಂಡು ಮುಖಗಳು, ಒಂದು ಕಡೆ ಹಾಯಿ ಕಟ್ಟಿದ ಹಡಗು. ತಮ್ಮ ತೀರಕ್ಕೆ ಬಂದ ಹೊರಗಿನವರನ್ನು ಯಾರೋ ನೋಡಿ ಕಲ್ಲಿನಲ್ಲಿ ಬರೆದಿಟ್ಟಿದ್ದಾರೆ. ಬೋರ್ಡಿಲ್ಲ, ಬೇಲಿಯಿಲ್ಲ. ಹುಡುಕಿದರೆ ಮಾತ್ರ ಕಾಣುತ್ತವೆ. ಮುಟ್ಟಬಾರದು.

ಇನ್ನು ರಸ್ತೆಯ ವಿಷಯ. ಈ ತೀರ ತಾನಾಗಿಯೇ ಹೀಗೆ ಉಳಿದಿದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಪಾರ್ಕ್ ಆದದ್ದು 1938ರಲ್ಲಿ, ಅದಕ್ಕೆ ಕಡಲತೀರದ ಪಟ್ಟಿ ಸೇರಿದ್ದು 1953ರಲ್ಲಿ. ಅದಾದ ಕೆಲವೇ ವರ್ಷಕ್ಕೆ ತೀರದಗುಂಟ ಹೆದ್ದಾರಿ ಮಾಡಬೇಕು ಅನ್ನುವ ಯೋಜನೆ ಎದ್ದಿತು. ಅದನ್ನು ವಿರೋಧಿಸಿ 1958ರ ಆಗಸ್ಟ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ನ್ಯಾಯಾಧೀಶ ವಿಲಿಯಂ ಡಗ್ಲಸ್ ಇಲ್ಲಿ ನಡೆಯಲು ಬಂದರು. ಕೇಪ್ ಅಲಾವಾದಿಂದ ರಿಯಾಲ್ಟೋ ಬೀಚಿನವರೆಗೆ 22 ಮೈಲಿ, ಮೂರು ದಿನ. ಜೊತೆಗೆ ಹತ್ತಾರು ಜನ. ಈ ನಡಿಗೆಯ ಹಿಂದೆ ಓಡಾಡಿ ಎಲ್ಲ ಏರ್ಪಾಡು ಮಾಡಿದವರಲ್ಲಿ ಪಾಲಿ ಡೈಯರ್ ಮುಖ್ಯರು. ಮುಂದೆ 1964ರಲ್ಲಿ ಬಂದ ಅಮೆರಿಕದ ವೈಲ್ಡರ್ನೆಸ್ ಕಾಯ್ದೆಯ, ಅಂದರೆ ಕಾಡುಜಾಗಗಳನ್ನು ರಸ್ತೆಯಿಲ್ಲದ ಹಾಗೇ ಉಳಿಸುವ ಕಾನೂನಿನ, ಕರಡು ಬರೆದ ಹೊವರ್ಡ್ ಜಾನೈಸರ್ ಕೂಡ ಆ ಗುಂಪಿನಲ್ಲಿದ್ದರು. ನಡಿಗೆ ಮುಗಿಯುವಲ್ಲಿ ರಸ್ತೆ ಬೇಕು ಅನ್ನುವವರೂ ಫಲಕ ಹಿಡಿದು ಕಾದಿದ್ದರು. ಹೆದ್ದಾರಿ ಬರಲಿಲ್ಲ.

ರಸ್ತೆ ಬೇಕು ಅಂದವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ವಯಸ್ಸಾದವರು, ನಡೆಯಲು ಆಗದವರು ಸಮುದ್ರ ನೋಡುವುದು ಬೇಡವಾ? ಅಮ್ಮ ಇಲ್ಲಿಗೆ ಬಂದಿದ್ದಾಗ ಇದೇ ಪ್ರಶ್ನೆ ನನಗೂ ಬಂತು. ಅವಳ ಮಂಡಿನೋವಿಗೆ ಹಲಗೆ ದಾರಿಯ ಮೂರು ಮೈಲಿ ಆಗದ ಮಾತು. ಅದಕ್ಕೆ ಇದೇ ಪಾರ್ಕಿನ ದಕ್ಷಿಣದ ತುದಿಗೆ, ಕಲೇಲಾಕ್‌ಗೆ ಕರೆದುಕೊಂಡು ಹೋದೆ. ಅಲ್ಲಿ ಹೆದ್ದಾರಿ 101 ತೀರದ ಪಕ್ಕದಲ್ಲೇ ಹೋಗುತ್ತದೆ, ಲಾಡ್ಜ್ ಇದೆ, ಕಾರಿನಿಂದ ಇಳಿದ ಕೂಡಲೇ ಸಮುದ್ರ ಕಾಣುತ್ತದೆ. ಅಮ್ಮ ಶಾಲು ಹೊದ್ದುಕೊಂಡು ಬಹಳ ಹೊತ್ತು ನೋಡಿದಳು. ನೀರಿಗೆ ಕಾಲಿಟ್ಟು "ಅಯ್ಯೋ, ಐಸ್ ನೀರು!" ಅಂತ ವಾಪಸ್ ಓಡಿಬಂದಳು. ಎರಡೂ ಬಗೆಯ ತೀರ ಒಂದೇ ಪಾರ್ಕಿನಲ್ಲಿದೆ. ರಸ್ತೆ ಇರುವ ತೀರ ಲೋಕದಲ್ಲಿ ಬೇಕಾದಷ್ಟಿದೆ, ಇನ್ನೂ ಬೇಕಿದ್ದರೆ ಯಾವಾಗ ಬೇಕಾದರೂ ಮಾಡಬಹುದು. ಒಂದು ಸಲ ರಸ್ತೆ ಹಾಕಿದ ತೀರವನ್ನು ಮೊದಲಿನ ಹಾಗೆ ಮಾಡಲು ಯಾರಿಂದಲೂ ಆಗಿಲ್ಲ. ಆದ್ದರಿಂದ ನಾನು ನಡೆದವರ ಪರ.

ಸಿಯಾಟಲ್ ಸುತ್ತಮುತ್ತ ಇರುವ ನಮ್ಮವರು ಬಹಳ ಜನ ರಿಯಾಲ್ಟೋ ಬೀಚಿನಲ್ಲಿ ಫೋಟೋ ತೆಗೆದುಕೊಂಡು ವಾಪಸ್ ಬರುತ್ತಾರೆ. ಮುಂದಿನ ಸಲ ಒಂದು ರಾತ್ರಿ ಇರುವ ಯೋಚನೆ ಮಾಡಿ. ಮೊದಲು ನೀಯಾ ಬೇಗೆ ಹೋಗಿ ಮಕಾ ಮ್ಯೂಸಿಯಂ ನೋಡಿ, ಆಮೇಲೆ ಒಜೆಟ್‌ಗೆ ಹೋಗಿ. ಈ ಕ್ರಮ ತಪ್ಪಿಸಬೇಡಿ, ನಡೆಯುವ ನೆಲ ಯಾರದು ಅಂತ ತಿಳಿದು ನಡೆಯುವುದಕ್ಕೂ ತಿಳಿಯದೆ ನಡೆಯುವುದಕ್ಕೂ ಬಹಳ ವ್ಯತ್ಯಾಸವಿದೆ. ಬೇಸಿಗೆಯಲ್ಲಿ ದೊಡ್ಡ ಇಳಿತಗಳು ಬೆಳಗಿನ ಹೊತ್ತು ಬರುತ್ತವೆ, ಚಳಿಗಾಲದಲ್ಲಿ ಅವು ಕತ್ತಲಲ್ಲಿ ಬೀಳುತ್ತವೆ. ಹಾಗಾಗಿ ರಜೆ ಹಾಕಿ ಆಮೇಲೆ ಇಳಿತ ಹುಡುಕಬೇಡಿ. ಇಳಿತದ ಪಟ್ಟಿ ನೋಡಿ, ಬೆಳಿಗ್ಗೆ ನೀರು ಚೆನ್ನಾಗಿ ಇಳಿಯುವ ವಾರ ಆರಿಸಿಕೊಂಡು, ಆ ವಾರಕ್ಕೆ ತೀರದಲ್ಲಿ ರಾತ್ರಿ ತಂಗುವ ಪರ್ಮಿಟ್ ಮಾಡಿಸಿ. ಜುಲೈ, ಆಗಸ್ಟ್‌ನ ಪರ್ಮಿಟ್ ಬೇಗ ಖಾಲಿಯಾಗುತ್ತದೆ. ಭೂಮಿ ನಡುಗಿದ ಹಾಗೆ ಅನಿಸಿದರೆ ಯಾರನ್ನೂ ಕೇಳುತ್ತಾ ನಿಲ್ಲದೆ ಎತ್ತರದ ಜಾಗಕ್ಕೆ ಹತ್ತಿ. 1700ರ ಜನವರಿ 26ರಂದು ಈ ತೀರದಾಚೆ ಆದ ಭೂಕಂಪದ ಸುನಾಮಿ ಜಪಾನ್‌ವರೆಗೆ ಹೋಗಿತ್ತು. ಕರಡಿ ತೆರೆಯಲಾಗದ ಆ ಡಬ್ಬ ಬಾಡಿಗೆಗೆ ಸಿಗುತ್ತದೆ, ಕೊಳ್ಳಬೇಕೆಂದಿಲ್ಲ. ಅವಲಕ್ಕಿ ಮಾತ್ರ ಗಟ್ಟಿಯದೇ ತನ್ನಿ, ತೆಳು ಅವಲಕ್ಕಿ ಡಬ್ಬದಲ್ಲಿ ಪುಡಿಯಾಗುತ್ತದೆ.